ಕೇಪು ಬಾರದ ತಿಂಗಳುಗಳು

ನಮ್ಮ ಮುದೀರರ ನಗುವನ್ನು ನಕಲು ಮಾಡುವುದು ಸುಲಭ. ಮೊದಲು ಮೂಗಿನಿಂದ ಗಾಳಿ ಹೊರಡಬೇಕು, ಆಮೇಲೆ ಹೊಟ್ಟೆ ಕುಣಿಯಬೇಕು, ಸ್ವರ ಮಾತ್ರ ಹೊತ್ತು ತಪ್ಪಿದ ಬಸ್ಸಿನ ಹಾಗೆ ಎಲ್ಲಕ್ಕಿಂತ ಕೊನೆಗೆ ಬರಬೇಕು. ನಾನು ಇದನ್ನು ಅವರ ಎದುರಿಗೇ ಮಾಡಿ ತೋರಿಸಿದ್ದೇನೆ. ಅವರು ನಕ್ಕರು, ನಾನು ಮಾಡಿದ ಹಾಗೆಯೇ. ಆದರೆ ತೋಟೆಯ ಕೇಪು ಬರುವುದು ನಿಂತ ಮೇಲೆ ಆ ನಗು ಕೇಳುವುದೇ ಅಪರೂಪವಾಯಿತು, ನನಗೆ ನಕಲು ಮಾಡಲು ಸರಕೂ ಇಲ್ಲದಾಯಿತು.

ಮುದೀರ್ ಎಂದರೆ ಮ್ಯಾನೇಜರು. ದಮ್ಮಾಮಿನಿಂದ ರಾಸ್ ತನೂರಾ ಕಡೆಗೆ ಹೋಗುವ ಹೆದ್ದಾರಿ ಬಿಟ್ಟು ಸ್ವಲ್ಪ ಮರಳಿನೊಳಗೆ ಹೋದರೆ ಸಿಗುವ ಒಂದು ಶೂಟಿಂಗ್ ಕ್ಲಬ್ಬಿಗೆ ಅವರು ಮುದೀರರು, ನಾನು ಅಲ್ಲಿ ರೇಂಜ್ ಅಸಿಸ್ಟೆಂಟ್. ಊರಿನಲ್ಲಿ ಅಮ್ಮ "ಮಗ ಪಿಸ್ತೂಲಿನ ಕೆಲಸದಲ್ಲಿದ್ದಾನೆ" ಎಂದು ಹೇಳಿ, ಮಾತುಕತೆಗೆ ಬಂದ ಹೆಣ್ಣಿನ ಕಡೆಯವರನ್ನು ಓಡಿಸಿದ್ದಾರೆ. ನಿಜವಾಗಿ ನನ್ನ ಕೈಯಲ್ಲಿರುವುದು ಪೊರಕೆ ಮತ್ತು ಬಾಲ್ದಿ. ಸದಸ್ಯರು ಗುರಿ ಹಲಗೆಗೆ ಗುಂಡು ಹೊಡೆದು ಹೋದ ಮೇಲೆ ನೆಲದಲ್ಲಿ ಬಿದ್ದ ಹಿತ್ತಾಳೆಯ ಖಾಲಿ ತೋಟೆಗಳನ್ನು ಹೆಕ್ಕುವುದು ನನ್ನ ಕೆಲಸ. ಕುಂದಾಪುರದಲ್ಲಿ ಹೊಳೆಯ ನೀರು ಇಳಿದಾಗ ಬಗ್ಗಿ ಚಿಪ್ಪು ಹೆಕ್ಕಿದವನು ನಾನು. ವಿಮಾನ ಹತ್ತಿ, ಸಮುದ್ರ ದಾಟಿ ಬಂದು ಇಲ್ಲಿಯೂ ಬಗ್ಗಿ ಚಿಪ್ಪು ಹೆಕ್ಕುತ್ತಿದ್ದೇನೆ. ಪ್ರಗತಿ ಎಂದರೆ ಇಲ್ಲಿಯ ಚಿಪ್ಪು ಕಾಲಿಗೆ ಚುಚ್ಚುವುದಿಲ್ಲ.

ಹೆಕ್ಕಿದ ಚಿಪ್ಪುಗಳೆಲ್ಲ ಕ್ಲಬ್ಬಿನ ಹಿಂದಿನ ಒಂದು ಕೋಣೆಗೆ ಹೋಗುತ್ತಿದ್ದವು. ಪರವಾನಗಿಯ ಕಾಗದವನ್ನು ಚೌಕಟ್ಟು ಹಾಕಿ ಗೋಡೆಗೆ ತಗುಲಿಸಿದ್ದ ಆ ಕೋಣೆಯಲ್ಲಿ ಕಾಕ ಕೂತಿರುತ್ತಿದ್ದರು. ಬಂಟ್ವಾಳದ ಕಡೆಯ ಬ್ಯಾರಿ. ನಾನು ಹುಟ್ಟುವ ಮೊದಲೇ ಈ ದೇಶಕ್ಕೆ ಬಂದವರು. ಕೆಲಸದವರು, ಸದಸ್ಯರು, ಕಡೆಗೆ ಮುದೀರರೂ ಅವರನ್ನು ಕರೆಯುವುದು ಕಾಕ ಎಂದೇ. ದಮ್ಮಾಮಿನ ಒಂದು ಬೇಕರಿಯಲ್ಲಿ ಒಲೆಯ ಮುಂದೆ ಬೇಯುತ್ತಿದ್ದ ನನ್ನನ್ನು ಕಫೀಲನ, ಅಂದರೆ ನನ್ನ ವೀಸಾದ ಮಾಲೀಕನ ಹತ್ತಿರ ಮಾತಾಡಿ ಬಿಡಿಸಿ ಇಲ್ಲಿಗೆ ತಂದವರೂ ಅವರೇ. "ಇವ ರೊಟ್ಟಿಗಿಂತ ಬಾಯಿ ಜಾಸ್ತಿ ಬೇಯಿಸ್ತಾನೆ, ನಮ್ಮಲ್ಲಿ ಇರ್ಲಿ" ಎಂದು ಶಿಫಾರಸು ಮಾಡಿದ್ದರಂತೆ.

ಕಾಕನ ಕೆಲಸ ಖಾಲಿ ತೋಟೆಯನ್ನು ಮತ್ತೆ ತುಂಬುವುದು. ಊರಿನ ಗದ್ದೆ ಕಾಯುವ ಕೇಪಿನ ಕೋವಿ ನೋಡಿದವರಿಗೆ ಇದು ಹೊಸತಲ್ಲ. ಚಿಪ್ಪಿನ ಬುಡಕ್ಕೆ ಕಿಡಿ ಕೊಡುವ ಪುಟ್ಟ ಕೇಪು, ಒಳಗೆ ಚಿಟಿಕೆ ಮದ್ದು, ಬಾಯಿಗೆ ಗುಂಡು. ಆಫೀಸಿನವರು ಕೇಪಿಗೆ ಪ್ರೈಮರ್ ಎನ್ನುತ್ತಾರೆ. ಕಾಕ ಕೇಪು ಎನ್ನುತ್ತಿದ್ದರು, ಹಾಗಾಗಿ ನಾನೂ. ಕಬ್ಬಿಣದ ಒತ್ತುಯಂತ್ರದ ಹಿಡಿಯನ್ನು ಎಳೆದು ಬಿಡುವುದು ಯಾರಿಗೂ ಬರುತ್ತದೆ, ನನ್ನಂಥವನಿಗೂ. ಮುಖ್ಯವಾದದ್ದು ಮದ್ದು ಹಾಕಿದ ನಂತರದ ಕೆಲಸ. ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿದ ಚಿಪ್ಪುಗಳ ಮೇಲೆ ದೀಪ ಹಿಡಿದು, ಎಲ್ಲದರಲ್ಲೂ ಮದ್ದು ಒಂದೇ ಮಟ್ಟಕ್ಕಿದೆಯೇ ಎಂದು ಒಂದೊಂದರೊಳಗೂ ನೋಡಬೇಕು. ಕಾಕ ಅದಕ್ಕೆ ಬಾವಿ ಇಣುಕುವುದು ಎನ್ನುತ್ತಿದ್ದರು. ಬಾವಿ ಖಾಲಿ ಇದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಬೀಳುತ್ತದೆ. ಎರಡು ಸಲ ಮದ್ದು ಬಿದ್ದಿದ್ದರೆ ಪಿಸ್ತೂಲು ಹಿಡಿದವರ ಕೈಯಲ್ಲೇ ಒಡೆಯಬಹುದು.

ಕೇಪು ಬರುತ್ತಿದ್ದದ್ದು ಹೊರದೇಶದಿಂದ. ಎಲ್ಲೋ ಯುದ್ಧ, ಕಾರ್ಖಾನೆಯವರು ಮೊದಲು ಸೈನ್ಯಕ್ಕೆ ಕೊಡುತ್ತಾರೆ, ಆಮೇಲೆ ಹಡಗು, ಆಮೇಲೆ ಅನುಮತಿ ಎಂದು ಕಾರಣಗಳು ಮಾತ್ರ ತಪ್ಪದೆ ಬರುತ್ತಿದ್ದವು. ಕಾರ್ಖಾನೆಯಲ್ಲೇ ತಯಾರಾದ ತೋಟೆಯ ಪೆಟ್ಟಿಗೆಗಳೂ ನಿಂತವು. ಸದಸ್ಯರು ಕೌಂಟರಿನಲ್ಲಿ ಬಂದು ಸಕ್ಕರೆ ಸಾಲ ಕೇಳುವ ಪಕ್ಕದ ಮನೆಯವರ ಹಾಗೆ ನಿಲ್ಲತೊಡಗಿದರು. ನಾನು ಅವರ ನಕಲನ್ನೂ ಮಾಡಿದೆ. ದೊಡ್ಡ ಕಾರಿನಲ್ಲಿ ಬಂದು ಸಣ್ಣ ಸ್ವರದಲ್ಲಿ "ಒಂದು ಪೆಟ್ಟಿಗೆ, ಬರೀ ಒಂದು" ಎನ್ನುವವರು. ಊಟದ ಹೊತ್ತಿಗೆ ಚಾಪೆಯ ಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕಾಕನಿಗೆ ಮಾತ್ರ ಆ ದಿನಗಳಲ್ಲಿ ಎಲ್ಲಿಲ್ಲದ ಮರ್ಯಾದೆ. ಮೊದಲೆಲ್ಲ ಆ ಕೋಣೆಯನ್ನು ಮುಚ್ಚಿಬಿಡಬೇಕು, ಕಾರ್ಖಾನೆಯ ಮಾಲೇ ಸಾಕು ಎಂಬ ಮಾತು ಆಗಾಗ ಬರುತ್ತಿತ್ತು. ಈಗ ಕಪಾಟಿನಲ್ಲಿ ಉಳಿದ ಕೇಪಿನ ಸಣ್ಣ ಪೆಟ್ಟಿಗೆಗಳೇ ಕ್ಲಬ್ಬಿಗೆ ಗತಿ. ಮುದೀರರೇ ಕೋಣೆಗೆ ಖರ್ಜೂರ ತಂದುಕೊಡುತ್ತಿದ್ದರು.

"ನೋಡು ಮಾರಾಯ, ಕೇಪು ಇರುವಾಗ ನಾನು ಯಾರಿಗೂ ಬೇಡ. ಕೇಪು ಇಲ್ಲದಾಗ ನಾನು ಮದುಮಗ" ಎಂದು ಕಾಕ ನಕ್ಕರು.

"ಹೌದು ಕಾಕ, ಹಲ್ಲು ಮಾತ್ರ ಮದುಮಗನದ್ದಲ್ಲ" ಎಂದೆ. ಅವರು ಖರ್ಜೂರದ ಬೀಜ ನನ್ನ ಮೇಲೆ ಎಸೆದರು. ಅದು ನನ್ನಿಂದ ಬಹಳ ದೂರ ಬಿತ್ತು. ಅದಕ್ಕೂ ನಾನು ನಕ್ಕೆ.

ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆಯುವವಳು ದಮ್ಮಾಮಿನ ಒಬ್ಬ ಹಲ್ಲಿನ ಡಾಕ್ಟರು. ಹೆಣ್ಣು ಡಾಕ್ಟರಿಗೆ ಇಲ್ಲಿ ದಕ್ತೂರಾ ಎನ್ನುತ್ತಾರೆ, ನಾವೂ ಹಾಗೆಯೇ ಕರೆಯುತ್ತಿದ್ದೆವು. ದೊಡ್ಡ ಸ್ಪರ್ಧೆಯೊಂದಕ್ಕೆ ತಯಾರಾಗುತ್ತಿದ್ದಳು. ಹಾಗಾಗಿ ಇದ್ದಬದ್ದ ತೋಟೆಯಲ್ಲಿ ಮೊದಲ ಪಾಲು ಅವಳಿಗೆ. ಒಂದು ದಿನ ಅವಳು ಹೊಡೆಯುತ್ತಿದ್ದಾಗ ಒಂದು ಸದ್ದು ಮಾತ್ರ 'ಟುಸ್' ಎಂದಿತು, ನೆನೆದ ದೀಪಾವಳಿ ಪಟಾಕಿಯ ಹಾಗೆ. ಮುದೀರರು ಎರಡೂ ಕೈ ಎತ್ತಿ ನಿಲ್ಲಿಸಿದರು. ಅವಳು ಪಿಸ್ತೂಲು ಇಳಿಸಿದಳು. ಬಿಚ್ಚಿ ನೋಡಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಇನ್ನೊಂದು ಸಲ ಒತ್ತಿದ್ದರೆ ಹಿಂದಿನಿಂದ ಇನ್ನೊಂದು ಗುಂಡು ಬಂದು ಅದಕ್ಕೇ ಬಡಿಯುತ್ತಿತ್ತು.

"ಕೇಪು ಹಳತು. ತೇವ ಹಿಡಿದಿದೆ" ಎಂದರು ಕಾಕ. ಎಲ್ಲರೂ ಒಪ್ಪಿದರು. ಹಳೆಯ ಕೇಪು ಎಂದು ಎಲ್ಲರಿಗೂ ಗೊತ್ತೇ ಇತ್ತಲ್ಲ.

ಮೊದಲಿನ ಪದ್ಧತಿ ಬೇರೆ. ಒಂದು ತೋಟೆ ಕೈಕೊಟ್ಟರೆ ಅದರ ಜೊತೆ ತುಂಬಿದ ಇಡೀ ಹಲಗೆಯನ್ನು ಕೆಂಪು ಪೆಟ್ಟಿಗೆಗೆ ಹಾಕಿ ಬೀಗ ಜಡಿಯಬೇಕು, ಯಾರೂ ಬಳಸಬಾರದು. ಆ ದಿನ ನಾನು ಕೆಂಪು ಪೆಟ್ಟಿಗೆ ಎತ್ತಿಕೊಂಡು ಬಂದಾಗ ಮುದೀರರು ತಡೆದರು. ಅವರು ನಮ್ಮೊಡನೆ ಮಾತಾಡುವುದು ಅರಬಿ, ಇಂಗ್ಲಿಷ್, ಹಿಂದಿ ಮೂರನ್ನೂ ಕಲಸಿ. ಕನ್ನಡದಲ್ಲಿ ಹೇಳುವುದಾದರೆ, "ಇರುವುದೇ ಇಷ್ಟು. ಇದನ್ನೂ ಪೆಟ್ಟಿಗೆಗೆ ಹಾಕಿದರೆ ನಾಳೆ ಕಲ್ಲು ಹೊಡೆಯಬೇಕಾ? ಇಡು ಅದನ್ನು" ಎಂದರು. ಇಟ್ಟೆ.

ಆ ರಾತ್ರಿಯಿಂದಲ್ಲ, ಮರುದಿನ ಬೆಳಗಿನ ಸುಲೈಮಾನಿಯಿಂದ ನನಗೆ ಅನುಮಾನ ಹತ್ತಿತು. ಕಾಕ ಚಹಾ ಬಗ್ಗಿಸುತ್ತಿದ್ದರು. ಲೋಟ ತುಂಬಿ, ಮೇಜಿಗೆ ಚೆಲ್ಲಿ, ಅವರ ಹೆಬ್ಬೆರಳಿಗೆ ಬಿಸಿ ತಾಗಿದ ಮೇಲೆಯೇ ಅವರು ನಿಲ್ಲಿಸಿದ್ದು. ಹೆಬ್ಬೆರಳನ್ನು ಲೋಟದ ಅಂಚಿನಲ್ಲಿ ಇಟ್ಟುಕೊಂಡೇ ಬಗ್ಗಿಸುತ್ತಿದ್ದರು. ನಾನು ಅದನ್ನು ಅವರ ಗತ್ತು ಎಂದುಕೊಂಡು ಎಷ್ಟೋ ಸಲ ನಕಲು ಮಾಡಿದ್ದೆ.

ಆಮೇಲೆ ಒಂದೊಂದೇ ಕಾಣತೊಡಗಿತು. ಕೆಲವು ತಿಂಗಳಿನಿಂದ ಕಾಕ ಕಾರು ಓಡಿಸುತ್ತಿರಲಿಲ್ಲ. "ನೀನು ಓಡಿಸು, ಕೈ ಪಳಗ್ಲಿ" ಎನ್ನುತ್ತಿದ್ದರು. ಬೆಳಿಗ್ಗೆ ಫೋನನ್ನು ನನ್ನ ಕೈಗೆ ಕೊಟ್ಟು, "ಊರಿನ ಸುದ್ದಿ ಓದು ಮಾರಾಯ, ಟೀವಿಯವರ ಸ್ವರದಲ್ಲಿ ಓದು, ಇಲ್ಲದಿದ್ರೆ ಮಜಾ ಇಲ್ಲ" ಎನ್ನುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಹುಬ್ಬು ಹಾರಿಸಿ, ಬಂಟ್ವಾಳದಲ್ಲಿ ದನ ಅಡ್ಡ ಬಂದು ರಿಕ್ಷಾ ಮಗುಚಿದ್ದನ್ನು ಜಗತ್ತು ಮುಳುಗಿದ ಹಾಗೆ ಓದುತ್ತಿದ್ದೆ. ನನ್ನ ಕಲೆಗೆ ಒಬ್ಬ ಖಾಯಂ ಅಭಿಮಾನಿ ಸಿಕ್ಕಿದ್ದಾರೆಂದು ಎಷ್ಟು ಉಬ್ಬಿದ್ದೆನೆಂದರೆ, ಅಮ್ಮನಿಗೂ ಫೋನಿನಲ್ಲಿ ಹೇಳಿಕೊಂಡಿದ್ದೆ. ಅವರಿಗೆ ಬೇಕಾಗಿದ್ದದ್ದು ಕಲಾವಿದನಲ್ಲ, ಕನ್ನಡಕ.

ಕೋಣೆಯಲ್ಲಿ ನಿಂತು ನೋಡಿದೆ. ದೀಪವನ್ನು ಹಲಗೆಯ ಮೇಲೆ ಹಿಡಿಯುತ್ತಿದ್ದರು, ಬಾಗುತ್ತಿದ್ದರು, ತಲೆಯನ್ನು ಬಾತುಕೋಳಿಯ ಹಾಗೆ ಒಂದು ಬದಿಗೆ ವಾಲಿಸುತ್ತಿದ್ದರು. ಬಾವಿ ಇಣುಕುವ ಆಟವೆಲ್ಲ ಸರಿಯಾಗಿತ್ತು. ಕಣ್ಣು ಮಾತ್ರ ಬಾವಿಯ ಮೇಲೆ ಇರಲಿಲ್ಲ.

ಸಂಜೆ ದಮ್ಮಾಮಿನ ನಮ್ಮಿಬ್ಬರ ರೂಮಿಗೆ ಮರಳುವಾಗ ಕಾರಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಕೇಳಿಯೇಬಿಟ್ಟೆ.

"ಕಾಕ, ಎದುರಿನ ಬೋರ್ಡಲ್ಲಿ ಎಂತ ಬರ್ದಿದೆ?"

"ದಮ್ಮಾಮ್."

"ಅದು ರಸ್ತೆ ಬೋರ್ಡ್ ಅಲ್ಲ ಕಾಕ, ಟಯರ್ ಅಂಗಡಿದ್ದು."

ಕಾಕ ಎಸಿಯ ಗಾಳಿಯನ್ನು ಮುಖದಿಂದ ಆಚೆಗೆ ತಿರುಗಿಸಿದರು. ಆಮೇಲೆ ಅವರು, "ಪೊರೆ ಬಂದಿದೆ ಅಂತ ಕಾಣ್ತದೆ. ಎರಡೂ ಕಣ್ಣಿಗೆ. ಹಾಲು ಮೆತ್ತಿದ ಹಾಗೆ" ಎಂದರು.

"ತೆಗೆಸ್ಬೇಕಲ್ಲ? ಈಗ ಅದು ಸಣ್ಣ ಕೆಲಸ ಅಲ್ವಾ?"

"ಇಲ್ಲಿ ತೆಗೆಸಿದ್ರೆ ಆಫೀಸಿಗೆ ಗೊತ್ತಾಗ್ತದೆ. ಊರಿಗೆ ಹೋಗುವ ಅಂದ್ರೆ ರಜೆ ಕೊಡುದಿಲ್ಲ, ಕೇಪಿನ ಅವಸ್ಥೆ ನಿನಗೆ ಗೊತ್ತುಂಟಲ್ಲ. ಕೇಪು ಬಂತು ಅಂತ ಇಟ್ಕೋ, ಆಗ ರಜೆ ಕೊಡ್ತಾರೆ. ಆದ್ರೆ ಹೋದವನನ್ನು ಪುನಃ ಯಾಕೆ ಕರೀತಾರೆ? ಕಾರ್ಖಾನೆ ಮಾಲು ಬಂದ್ರೆ ಆ ಕೋಣೆಯೇ ಬೇಡ ಅವರಿಗೆ." ಅವರು ಕಿಟಕಿಯ ಕಡೆ ತಿರುಗಿದರು. ದೂರದಲ್ಲಿ ಎಣ್ಣೆ ಕಾರ್ಖಾನೆಯ ಬೆಂಕಿ ಆಕಾಶಕ್ಕೆ ಹತ್ತಿ ಉರಿಯುತ್ತಿತ್ತು. ಅದಾದರೂ ಅವರಿಗೆ ಕಾಣುತ್ತಿತ್ತೋ ಇಲ್ಲವೋ. "ಬರದೆ ಇರ್ಲಿ ಅಂತ ನಾನು ಬೇಡಿಕೊಂಡದ್ದೂ ಉಂಟು ಮಾರಾಯ."

"ಮತ್ತೆ ಆ ದಕ್ತೂರಾ? ಅವಳ ಕೈ?"

"ನನ್ನ ಬೆರಳಿಗೆ ಗೊತ್ತಾಗ್ತದೆ."

"ಬೆರಳು ಬಾವಿಯೊಳಗೆ ಹೋಗುದಿಲ್ಲ ಕಾಕ."

"ನಿನ್ನ ಬಾಯಿ ಮಾತ್ರ ಎಲ್ಲ ಕಡೆ ಹೋಗ್ತದೆ" ಎಂದರು.

ನಮ್ಮ ಕಡೆ ಹಿರಿಯರಿಗೆ ನಿಮ್ಮಿಂದಾಗುವುದಿಲ್ಲ ಎಂದು ಮುಖಕ್ಕೆ ಹೇಳುವ ಕ್ರಮವಿಲ್ಲ. ಅವರ ಮಗನಿಗೆ ಹೇಳುತ್ತೇವೆ, ಮಗ ಹೆಂಡತಿಗೆ ಹೇಳುತ್ತಾನೆ, ಸೊಸೆ ಊಟ ಬಡಿಸುವಾಗ ಗೋಡೆಗೆ ಹೇಳುತ್ತಾಳೆ. ಇಲ್ಲಿ ಮಗನೂ ಇಲ್ಲ, ಸೊಸೆಯೂ ಇಲ್ಲ. ಮುದೀರರಿಗೆ ಹೇಳಿದರೆ ಮರುದಿನವೇ ಕಾಕನ ಕೈಗೆ ಟಿಕೆಟ್. ನನ್ನನ್ನು ಒಲೆಯ ಮುಂದಿನಿಂದ ಎತ್ತಿ ತಂದವರನ್ನು ನಾನೇ ವಿಮಾನ ಹತ್ತಿಸಿದ ಹಾಗೆ. ಹೇಳದಿದ್ದರೆ ದಕ್ತೂರಾ ಬೆಳಿಗ್ಗೆ ಬಂದು ಎಂದಿನಂತೆ "ಶುಕ್ರನ್" ಎಂದು ಧನ್ಯವಾದ ಹೇಳಿ ಹಲಗೆ ತೆಗೆದುಕೊಂಡು ಹೋಗುತ್ತಾಳೆ. ಊರಿನವರ ಹಲ್ಲು ರಿಪೇರಿ ಮಾಡುವ ಕೈ ಅದು. ಮಲಗಿದರೆ ಆ ಕೈಯೇ ಕಣ್ಣಿಗೆ ಬರುತ್ತಿತ್ತು. ಮದ್ದು ಹಾಕಿದ ಮೇಲೆ ನಾನೂ ಒಮ್ಮೆ ನೋಡುತ್ತೇನೆ ಎಂದರೆ ಕಾಕ ಬಾಗಿಲಿಗೆ ಚಿಲಕ ಹಾಕಿಕೊಳ್ಳತೊಡಗಿದರು.

ಸ್ಪರ್ಧೆಗೆ ಮುಂಚಿನ ಕೊನೆಯ ದೊಡ್ಡ ಅಭ್ಯಾಸದ ದಿನ ಬಂತು. ಬೆಳಿಗ್ಗೆ ಹಲಗೆ ಒಯ್ಯಲು ಕೋಣೆಗೆ ಹೋದೆ. ತುಂಬಿದ ತೋಟೆಗಳು ಸಾಲಾಗಿ ಹೊಳೆಯುತ್ತಿದ್ದವು. ಕಾಕ ಸುಲೈಮಾನಿ ಕುಡಿಯುತ್ತ, "ತಗೊಂಡು ಹೋಗು, ಯಲ್ಲಾ" ಎಂದರು.

ನಾನು ಒಳಗಿನಿಂದ ಚಿಲಕ ಹಾಕಿದೆ. ಅವರ ಕುರ್ಚಿಯ ಎದುರಿನ ಸ್ಟೂಲಿನಲ್ಲಿ ಕೂತೆ. ಖಾಲಿ ಹಲಗೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡೆ.

"ಎಂತ ಆಟ ಇದು?"

"ಒಂದು ಹೊಸ ಐಟಂ ಕಾಕ. ನಿಮಗೆ ಮಾತ್ರ."

ಅವರ ಹಾಗೆ ಭುಜ ಇಳಿಸಿದೆ. ಗಂಟಲಲ್ಲಿ ಅವರದೇ ಕೆಮ್ಮು ಕೆಮ್ಮಿದೆ. ಕಾಕ ನಕ್ಕರು. ಹಲಗೆಯ ಮೇಲೆ ದೀಪ ಹಿಡಿದೆ, ತಲೆ ವಾಲಿಸಿದೆ, ಅವರು ಮತ್ತೂ ನಕ್ಕರು, "ಅಯ್ಯೋ ನನ್ನ ಸೊಂಟ ಹೀಗುಂಟಾ" ಎಂದರು. ಆಮೇಲೆ ನಾನು ದೀಪವನ್ನು ಬಾವಿಯ ಮೇಲೆ ಹಿಡಿದು, ಕಣ್ಣನ್ನು ಗೋಡೆಯ ಕಡೆ ಇಟ್ಟೆ. ಬೆರಳ ತುದಿಯಿಂದ ಚಿಪ್ಪಿನ ಬಾಯಿಗಳನ್ನು ಒಂದೊಂದಾಗಿ ಸವರಿದೆ. ಒಂದು ಬಾಯಿ ಬಿಟ್ಟುಹೋಯಿತು. ಹಿಂದಕ್ಕೆ ಬಂದು ಹುಡುಕಿದೆ, ಸಿಗಲಿಲ್ಲ. ಸಿಕ್ಕಿತೆಂದು ತಲೆಯಾಡಿಸಿ ಮುಂದಕ್ಕೆ ಹೋದೆ. ಲೋಟದ ಅಂಚಿಗೆ ಹೆಬ್ಬೆರಳಿಟ್ಟು ಚಹಾ ಬಗ್ಗಿಸಿದೆ. ಎಲ್ಲ ಸರಿಯಿದೆಯೆಂಬ ಅವರ ಆ ನಗುವನ್ನು ನಕ್ಕೆ.

ಯಾವುದೇ ಮನುಷ್ಯನನ್ನು ನಕಲು ಮಾಡುವಾಗ ಅವನಿಗಿಂತ ಒಂದು ಹಿಡಿ ಹೆಚ್ಚು ಮಾಡಬೇಕು, ಇಲ್ಲದಿದ್ದರೆ ಜನ ನಗುವುದಿಲ್ಲ. ಆ ದಿನ ನಾನು ಏನನ್ನೂ ಹೆಚ್ಚಿಸಲಿಲ್ಲ.

ಕಾಕನ ನಗು ಯಾವಾಗ ನಿಂತಿತೆಂದು ನನಗೆ ತಿಳಿಯಲಿಲ್ಲ. "ಹೀಗೆ ಮಾಡ್ತೇನಾ ನಾನು?" ಎಂದರು.

"ಹ್ಞೂಂ."

"ಹುಡುಕ್ತೇನಾ ಹಾಗೆ?"

"ಹ್ಞೂಂ ಕಾಕ."

ಅವರು ಕೈಯಲ್ಲಿದ್ದ ಲೋಟವನ್ನು ಕೆಳಗಿಡಲು ಹೋಗಿ ಮೇಜಿನ ಅಂಚನ್ನು ಮೊದಲು ಮುಟ್ಟಿ ನೋಡಿದರು. ಹಾಗೆ ಮುಟ್ಟಿದ್ದು ಈ ಸಲ ಅವರಿಗೇ ಗೊತ್ತಾಯಿತು. ಕೈ ಅಲ್ಲೇ ನಿಂತಿತು. "ಸುತ್ತಿಗೆ ತೆಗಿ" ಎಂದರು.

ತುಂಬಿದ ತೋಟೆ ಬಿಚ್ಚಲು ಒಂದು ಪ್ಲಾಸ್ಟಿಕ್ ಸುತ್ತಿಗೆ ಇರುತ್ತದೆ. ತೋಟೆಯನ್ನು ಅದರ ತಲೆಯೊಳಗಿಟ್ಟು ಮರದ ತುಂಡಿಗೆ ಬಡಿದರೆ ಗುಂಡೂ ಮದ್ದೂ ಹೊರಗೆ ಬೀಳುತ್ತವೆ. ಕಾಕ ಬಡಿಯುತ್ತ ಹೋದರು, ನಾನು ಬಿದ್ದ ಮದ್ದನ್ನು ತಟ್ಟೆಗೆ ಸುರಿದು ನೋಡಿ ಡಬ್ಬಿಗೆ ಹಾಕುತ್ತ ಹೋದೆ. ಅದೇ ಚಿಟಿಕೆ, ಅದೇ ಚಿಟಿಕೆ. ಹೊರಗೆ ಯಾರೋ ಬಾಗಿಲು ತಟ್ಟಿದರು, "ಯಲ್ಲಾ ಯಲ್ಲಾ" ಎಂದು ಅವಸರ ಮಾಡಿದರು. ನಾನು ತಪ್ಪು ತಿಳಿದಿರಬಹುದು, ಎಲ್ಲವೂ ಸರಿಯಿರಬಹುದು, ಹಾಗೇ ಆಗಲಿ ಎಂದು ಆಸೆಯಾಗತೊಡಗಿತು. ಹಲಗೆಯ ಕೊನೆಯ ಸಾಲಿಗೆ ಬಂದಾಗ ತಟ್ಟೆಯಲ್ಲಿ ಬಿದ್ದದ್ದು ಗುಡ್ಡೆಯಾಗಿ ಬಿತ್ತು.

"ಎಂತಾಯ್ತು?" ಎಂದರು ಕಾಕ. ನನ್ನ ಕೈ ನಿಂತದ್ದು ಅವರಿಗೆ ಕೇಳಿಸಿತ್ತು.

ಯಾರ ಸ್ವರವೂ ಬಾಯಿಗೆ ಬರಲಿಲ್ಲ. "ಎರಡು ಸಲ ಬಿದ್ದಿದೆ ಕಾಕ."

"ಯಾ ರಬ್ಬೇ" ಎಂದು ಅವರು ಮೆಲ್ಲಗೆ ಕೂತರು. ಸುತ್ತಿಗೆ ಮಡಿಲಲ್ಲೇ ಇತ್ತು. ಆಮೇಲೆ, "ಆ ಮದ್ದು ಹಾಗೇ ತಟ್ಟೆಯಲ್ಲಿರ್ಲಿ. ನನ್ನ ಕೈ ಹಿಡ್ಕೋ ಮೋನೆ, ಆಫೀಸಿಗೆ ಹೋಗುವ" ಎಂದರು. ಮಗನೇ ಎಂದು ಅವರು ನನ್ನನ್ನು ಅದಕ್ಕೆ ಮೊದಲು ಕರೆದಿರಲಿಲ್ಲ.

ಮುದೀರರು ತಟ್ಟೆ ನೋಡಿದರು, ಕಾಕನ ಮುಖ ನೋಡಿದರು.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕಳಿಸ್ತಿದ್ರಿ."

ಮುದೀರರು ಬೀಗದ ಕೈ ತೆಗೆದುಕೊಂಡು ಎದ್ದರು. ಕೋಣೆಗೆ ತಾವೇ ಬೀಗ ಹಾಕಿದರು, ಅಭ್ಯಾಸ ರದ್ದು ಎಂದರು, ಆವತ್ತು ಬೇಡವೆಂದಿದ್ದ ಕೆಂಪು ಪೆಟ್ಟಿಗೆಯನ್ನು ತಾವೇ ಹೊತ್ತು ತಂದರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಕೆಂಪು ಪೆಟ್ಟಿಗೆಯ ಮಾತು ಅವರಿಗೂ ನೆನಪಿತ್ತೆಂದು ಕಾಣುತ್ತದೆ.

ದಕ್ತೂರಾ ಏನಾಯಿತೆಂದು ಕೇಳಿಕೊಂಡು ಬಂದಳು. ಯಂತ್ರ ಕೆಟ್ಟಿದೆ ಎನ್ನಲು ಮುದೀರರು ಬಾಯಿ ತೆರೆಯುವಷ್ಟರಲ್ಲಿ ಕಾಕ ತಟ್ಟೆಯನ್ನು ಅವಳ ಮುಂದೆ ಹಿಡಿದರು. "ಇದು ನಿಮ್ಮ ತೋಟೆಯಲ್ಲಿತ್ತು" ಎಂದು ಅವರ ಹಳೆಯ ಅರಬಿಯಲ್ಲಿ ಹೇಳಿದರು. ಅವಳಿಗೆ ಅರ್ಥವಾಗಲು ವಿವರಣೆ ಬೇಕಾಗಲಿಲ್ಲ. ಬಲಗೈಯ ಬೆರಳುಗಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಬಯ್ಯುತ್ತಾಳೆ ಎಂದುಕೊಂಡೆ. ಅವಳು ಫೋನಿನ ಟಾರ್ಚು ಹಾಕಿ ಕಾಕನ ಕಣ್ಣಿಗೆ ಹಿಡಿದು, "ನಾನು ಹಲ್ಲಿನವಳು. ನನಗೇ ಕಾಣುತ್ತಿದೆ ಈ ಬಿಳಿ" ಎಂದಳು. ಆಮೇಲೆ ಶುಕ್ರನ್ ಎನ್ನದೆ ಹೋದಳು. ಆ ಸ್ಪರ್ಧೆಗೆ ಅವಳು ಹೋಗಲಿಲ್ಲವೆಂದು ಆಮೇಲೆ ತಿಳಿಯಿತು.

ಕಾಕನಿಗೆ ರಜೆ ಸಿಕ್ಕಿತು, ಹೋಗಿ ಮರಳುವ ವೀಸಾದ ಮೇಲೆ. ನಾನೇ ವಿಮಾನ ನಿಲ್ದಾಣಕ್ಕೆ ಕಾರು ಓಡಿಸಿದೆ. ಮಂಗಳೂರಿನಲ್ಲಿ ಮೊದಲು ಒಂದು ಕಣ್ಣಿನ ಪೊರೆ ತೆಗೆದರು, ಆಮೇಲೆ ಇನ್ನೊಂದು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವರ ವಾಯ್ಸ್ ಮೆಸೇಜ್ ಬಂತು: "ಏ ಮಾರಾಯ, ನನ್ನ ಗಡ್ಡ ಪೂರ್ತಿ ಬಿಳಿ ಆಗಿದೆಯಲ್ಲ! ಎಲ್ಲರನ್ನೂ ತಮಾಷೆ ಮಾಡ್ತೀ, ಇದನ್ನು ಹೇಳ್ಲಿಕ್ಕೆ ನಿನಗೆಂತ ಕೇಡು?" ನಾನು ಒಬ್ಬನೇ ನಕ್ಕೆ, ಚಾಪೆಯ ಮೇಲಿದ್ದ ಉಳಿದವರು ನನ್ನನ್ನೇ ನೋಡಿದರು.

ಅದಾಗಿ ಸ್ವಲ್ಪ ಸಮಯಕ್ಕೆ ಕೇಪು ಬಂತು. ಕಾರ್ಖಾನೆಯ ತೋಟೆಗಳೂ ಬಂದವು, ರಟ್ಟಿನ ಪೆಟ್ಟಿಗೆಗಳಲ್ಲಿ, ಮುದೀರರ ನಗುವೂ ಬಂತು. ಹಿಂದಿನ ಕೋಣೆಯ ಬೀಗ ಯಾರೂ ತೆಗೆಯಲಿಲ್ಲ. ನಾನು ಹೆಕ್ಕಿದ ಚಿಪ್ಪನ್ನು ಈಗ ಮೂಟೆ ಕಟ್ಟಿ ಗುಜರಿಗೆ ಹಾಕುತ್ತಾರೆ. ಕಾಕನ ವೀಸಾದ ಅವಧಿ ಮುಗಿಯುತ್ತ ಬಂದಿತ್ತು. ದಿನವೂ ಮುದೀರರನ್ನು ಕೇಳುತ್ತಿದ್ದೆ, ದಿನವೂ ಅವರು "ಬುಕ್ರಾ" ಎನ್ನುತ್ತಿದ್ದರು. ಅಂದರೆ ನಾಳೆ.

ಒಂದು ಶುಕ್ರವಾರ ಕಾಕನೇ ಫೋನು ಮಾಡಿದರು. "ಮುದೀರ್ ಎಂತ ಹೇಳಿದ್ರು?"

"ಬುಕ್ರಾ ಅಂದ್ರು ಕಾಕ. ನೋಡುವ."

"ನಿನ್ನ ಸ್ವರದಲ್ಲಿ ಬೇಡ. ಅವರು ಹೇಳಿದ ಹಾಗೇ ಹೇಳು."

ನಾನು ಸ್ವಲ್ಪ ಬದಲಾಯಿಸಿ ಹೇಳಬಹುದಿತ್ತು. ಕೊನೆಯಲ್ಲಿ ಒಂದಿಷ್ಟು ಎಳೆದರೆ ಅದೇ ಶಬ್ದದಲ್ಲಿ ಆಸೆ ಬರುತ್ತದೆ, ನನಗೆ ಗೊತ್ತು. ಎಳೆಯಲಿಲ್ಲ. ಮುದೀರರು ತಮ್ಮ ಫೋನಿನಿಂದ ಕಣ್ಣೆತ್ತದೆ ಹೇಗೆ ಹೇಳಿದ್ದರೋ ಹಾಗೆಯೇ ಹೇಳಿದೆ.

ಅತ್ತ ಕಡೆ ಯಾವುದೋ ಮಗು ಅಳುತ್ತಿತ್ತು, ಯಾರೋ ಅದನ್ನು ಎತ್ತಿಕೊಂಡರು. "ಸರಿ" ಎಂದರು ಕಾಕ. "ಯಾರಾದ್ರೂ ಮಂಗಳೂರಿಗೆ ಬರುವವರಿದ್ರೆ ನನ್ನ ಪೆಟ್ಟಿಗೆ ಅವರ ಹತ್ತಿರ ಕಳಿಸು. ಇಸ್ತ್ರಿಪೆಟ್ಟಿಗೆ ನೀನೇ ಇಟ್ಕೋ. ಮತ್ತೆ ಬಟ್ಟೆಯ ಕಿಸೆ ಎಲ್ಲ ಸರಿ ನೋಡು ಆಯ್ತಾ. ಖಾಲಿ ಚಿಪ್ಪು ಒಂದು ಸಿಕ್ಕಿದ್ರೂ ಏರ್‌ಪೋರ್ಟಲ್ಲಿ ಆ ಪಾಪದವನನ್ನು ಹಿಡಿದು ಹಾಕಿಯಾರು."

ರೂಮಿಗೆ ಹೋಗಿ ಅವರ ಬಟ್ಟೆಗಳನ್ನು ಹಾಸಿಗೆಯ ಮೇಲೆ ಹರಡಿದೆ. ಪ್ರತಿ ಪ್ಯಾಂಟಿನ, ಪ್ರತಿ ಅಂಗಿಯ ಕಿಸೆಯನ್ನೂ ಒಳಮಗ್ಗಲು ಹೊರಗೆ ಮಾಡಿ ಕೊಡವಿದೆ. ಮರಳು ಬಿತ್ತು, ಬೇರೇನೂ ಇರಲಿಲ್ಲ. ಆದರೂ ಇನ್ನೊಮ್ಮೆ ನೋಡಿ, ಮಡಚಿ, ಪೆಟ್ಟಿಗೆಗೆ ಹಗ್ಗ ಕಟ್ಟಿದೆ.